ತೆರವು ಕಾರ್ಯಾಚರಣೆಯಲ್ಲಿ ಪೊಲೀಸರನ್ನು ಚಿತ್ರೀಕರಿಸುವುದು: ನನ್ನ ಅನುಭವ

ಬೀದಿಬದಿ ವ್ಯಾಪಾರಿಗಳ ಪರವಾಗಿ ವಕೀಲಿ ನಡೆಸುವ ನನಗೆ, ತೆರವು ಕಾರ್ಯಾಚರಣೆ ನಡೆಯುವಾಗ ಸ್ಥಳದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುವುದು ನಿತ್ಯದ ಕೆಲಸವಾಗಿದೆ. ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಹುದೆಂದು ಬಿಡಿಸಿ ಹೇಳುವ ಕಲಮು ನಮ್ಮಲ್ಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಹಾಗೆ ಮಾಡಬಾರದೆನ್ನುವ ಸಾಮಾನ್ಯ ನಿಷೇಧವೂ ಇಲ್ಲ. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯನ್ನು ನೆಚ್ಚಿಕೊಂಡೇ ನಾನು ಮೊಬೈಲ್ ತೆಗೆಯುತ್ತೇನೆ, ಆದರೆ ರಸ್ತೆಯಲ್ಲಿ ನಿಂತು ಆ ವಿಧಿಯನ್ನು ಉದ್ಧರಿಸುವುದಿಲ್ಲ. ಅಲ್ಲಿ ಎದುರಾಗುವ ಮಾತು 'ಕರ್ತವ್ಯಕ್ಕೆ ಅಡ್ಡಿ' ಎಂಬುದು.

ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಮಿನಂತೆ ಅಡ್ಡಿಗೆ 3 ತಿಂಗಳವರೆಗೆ, ಬಲಪ್ರಯೋಗ ನಡೆದರೆ 132ರಂತೆ 2 ವರ್ಷದವರೆಗೆ ಸಜೆಯಿದೆ. ಆದ್ದರಿಂದ ನಾನು ಬ್ಯಾರಿಕೇಡ್ ದಾಟುವುದಿಲ್ಲ, ಸಿಬ್ಬಂದಿಯ ದಾರಿಗೆ ಬರುವುದಿಲ್ಲ, ಮೊಬೈಲನ್ನು ಯಾರ ಮುಖಕ್ಕೂ ಹಿಡಿಯುವುದಿಲ್ಲ. ನಾನು ನಿಂತಿರುವ ದೂರವೂ ದೃಶ್ಯದಲ್ಲಿ ಕಾಣುವಂತೆ ಒಮ್ಮೆ ನೆಲವನ್ನೂ ಸುತ್ತಲಿನ ಅಂಗಡಿಗಳ ಫಲಕಗಳನ್ನೂ ಸೆರೆಹಿಡಿದು, ದಿನಾಂಕ, ಸಮಯ, ಸ್ಥಳಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತೇನೆ. "ಯಾರನ್ನ ಕೇಳಿ ವಿಡಿಯೋ ಮಾಡ್ತಿದ್ದೀರಿ, ಆಫ್ ಮಾಡಿ" ಎಂದು ಸಬ್ ಇನ್‌ಸ್ಪೆಕ್ಟರ್ ಒಬ್ಬರು ಗದರಿದಾಗ ನಾನು ಹೇಳಿದ್ದು ಇಷ್ಟೆ: "ಸರ್, ನಿಮ್ಮ ಕೆಲಸಕ್ಕೆ ಅಡ್ಡ ಬರಲ್ಲ, ಬೇಕಿದ್ರೆ ಇನ್ನೆರಡು ಹೆಜ್ಜೆ ಹಿಂದೆ ನಿಲ್ತೀನಿ." ಹಿಂದೆ ಸರಿದೆ, ಚಿತ್ರೀಕರಣ ನಿಲ್ಲಿಸಲಿಲ್ಲ. ಆ ಸಂಭಾಷಣೆಯೂ ದಾಖಲಾಗಿರುವುದು ಮುಂದೆ ನನ್ನ ರಕ್ಷಣೆಗೇ ಒದಗುವಂಥದ್ದು.

ತಳ್ಳಾಟಕ್ಕಿಂತ ಹೆಚ್ಚಾಗಿ ನಾನು ಸರಕಿನ ಮೇಲೆ ಕಣ್ಣಿಡುತ್ತೇನೆ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ತೆರವಿಗೆ ಮೊದಲು 30 ದಿನಗಳ ನೋಟಿಸ್ ಕೊಡಬೇಕು, ಜಪ್ತಿ ಮಾಡಿದ ವಸ್ತುಗಳ ಪಟ್ಟಿ ಕೊಡಬೇಕು. ಕೇಳಿಕೆ ಸಲ್ಲಿಸಿದರೆ ಕೊಳೆಯುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ ಬಿಡಬೇಕು. ಪಟ್ಟಿಯನ್ನು ಕೊಡದೆ ಲಾರಿಗೆ ತುಂಬಿದಾಗ, ಯಾವ ಗಾಡಿಯಿಂದ ಎಷ್ಟು ಬುಟ್ಟಿ ಟೊಮೆಟೊ, ಯಾವ ತಕ್ಕಡಿ, ಯಾವ ಟಾರ್ಪಾಲು ಲಾರಿ ಹತ್ತಿತೆಂಬುದಕ್ಕೆ ಲಾರಿಯ ನಂಬರ್ ಸಹಿತ ಆ ವಿಡಿಯೋ ಒಂದೇ ಲೆಕ್ಕ. ಕೂಗಾಟದ ದೃಶ್ಯ ವಾಟ್ಸಾಪಿನಲ್ಲಿ ಓಡಾಡುತ್ತದೆ, ಅರ್ಜಿಗೆ ಬಲ ಬರುವುದು ಈ ನೀರಸ ದೃಶ್ಯದಿಂದ.

ದೃಶ್ಯವನ್ನು ಅಳಿಸೆಂದು ಯಾರಾದರೂ ಒತ್ತಾಯಿಸಿದರೆ ಅಳಿಸುವುದಿಲ್ಲ. ಮೊಬೈಲನ್ನೇ ಜಪ್ತಿ ಮಾಡುವುದಾದರೆ ಮಹಜರು ಬರೆದು ಪ್ರತಿ ಕೊಡಿ ಎಂದು ಕೇಳುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಂತೆ ಜಪ್ತಿಯ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಠಾಣೆಯೊಳಗಿನ ಮಾತು ಬೇರೆ. ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ಠಾಣೆ ನಿಷೇಧಿತ ಸ್ಥಳವಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆಯಾದರೂ ಅದು ನಮ್ಮ ರಾಜ್ಯದ ನ್ಯಾಯಾಲಯಗಳನ್ನು ಬಂಧಿಸುವ ತೀರ್ಪಲ್ಲ. ಅಲ್ಲಿ ಮೊಬೈಲ್ ತೆಗೆಯುವುದಕ್ಕಿಂತ, ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಎಲ್ಲ ಠಾಣೆಗಳಲ್ಲೂ ಕಡ್ಡಾಯಗೊಳಿಸಿದ ಸಿಸಿಟಿವಿಯ ದೃಶ್ಯವನ್ನು ಕಾಯ್ದಿರಿಸುವಂತೆ ಅಂದೇ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ನನಗೆ ಹೆಚ್ಚು ಉಪಯುಕ್ತವೆನಿಸಿದೆ.

ಮನೆಗೆ ಬಂದ ಕೂಡಲೇ ಮೂಲ ಕಡತವನ್ನು ಕತ್ತರಿಸದೆ, ಹೆಸರನ್ನೂ ಬದಲಿಸದೆ ಪೆನ್‌ಡ್ರೈವಿಗೆ ಇಳಿಸಿ ಅದರ ಹ್ಯಾಶ್ ಮೌಲ್ಯವನ್ನು (ಕಡತದ ಒಳಗಿನದು ಚೂರು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು) ಬರೆದಿಡುತ್ತೇನೆ. ವಿಡಿಯೋದಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೋರ್ಟಿಗೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಮೌಲ್ಯವನ್ನು ನಮೂದಿಸಬೇಕು, ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿ ಕುಗ್ಗಿಸಿದ ಪ್ರತಿಗೆ ಅದು ಹೊಂದುವುದಿಲ್ಲ.