ಬಾಯಿಹುಣ್ಣು: ಮೊದಲು ನೋಡಿ, ಆಮೇಲೆ ಮದ್ದು ಮಾಡಿ

ಬಾಯಲ್ಲಿ ಹುಣ್ಣಾಯಿತೆಂದರೆ ಶಿರಸಿ ಕಡೆಯ ಮನೆಗಳಲ್ಲಿ ಒಂದೆಲಗದ ತಂಬುಳಿ ಸಿದ್ಧವಾಗುತ್ತದೆ, ಕಾರವಾರ, ಅಂಕೋಲಾ ಕಡೆ ಮಜ್ಜಿಗೆಯೋ ಎಳನೀರೋ ಬರುತ್ತದೆ. ಕಾರಣ ಕೇಳಿದರೆ ಎರಡೂ ಕಡೆ ‘ಉಷ್ಣ ಜಾಸ್ತಿಯಾಗಿದೆ’ ಎಂಬ ಒಂದೇ ಉತ್ತರ. ತಂಪು ಪದಾರ್ಥಗಳಿಂದ ಉರಿ ತಗ್ಗುವುದು ನಿಜ, ಅವನ್ನು ಬಿಡಬೇಕಾಗಿಲ್ಲ. ಆದರೆ ಮತ್ತೆ ಮತ್ತೆ ಮರಳುವ ಹುಣ್ಣಿನ ಹಿಂದೆ ರಕ್ತಹೀನತೆಯೋ, ಮುರಿದ ಹಲ್ಲಿನ ಅಂಚೋ, ಕೆನ್ನೆಯಲ್ಲಿ ಒತ್ತಿಟ್ಟ ಕವಳವೋ (ಎಲೆಯಡಿಕೆ) ಇರಬಹುದು. ಎಲ್ಲವನ್ನೂ ಉಷ್ಣದ ಲೆಕ್ಕಕ್ಕೆ ಬರೆದುಬಿಟ್ಟರೆ ನಿಜವಾದ ಕಾರಣ ಕಾಣದೇ ಹೋಗುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ನೋಡುವುದು. ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಅಂಚು ಮತ್ತು ಅಡಿಭಾಗವನ್ನು ಪರೀಕ್ಷಿಸಿ. ಸಾಮಾನ್ಯ ಹುಣ್ಣು ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿದ್ದು, ನಡುವೆ ಬಿಳಿ ಇಲ್ಲವೇ ಹಳದಿ ಬಣ್ಣ, ಸುತ್ತಲೂ ಕೆಂಪು ಅಂಚು ಹೊಂದಿರುತ್ತದೆ. ಗಾತ್ರ 1 ಸೆಂಟಿಮೀಟರಿಗಿಂತ ಕಡಿಮೆ. ಇದು 7ರಿಂದ 14 ದಿನಗಳಲ್ಲಿ ಕಲೆ ಉಳಿಸದೆ ಮಾಯುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತುಟಿಯ ಹೊರಗೆ ನೀರುಗುಳ್ಳೆಗಳಾಗಿ ಏಳುವ ಹರ್ಪಿಸ್ ಬೇರೆಯೇ ರೋಗ, ಅದು ವೈರಸ್ಸಿನಿಂದ ಬರುವಂಥದ್ದು, ಅಂಟುತ್ತದೆ. ಹುಣ್ಣು ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಮುಂದಿನ ತೀರ್ಮಾನವೆಲ್ಲ ಈ ದಿನಾಂಕದ ಮೇಲೆ ನಿಂತಿದೆ.

ಎರಡನೆಯದು ಕಾರಣ ಹುಡುಕುವುದು. ಹುಣ್ಣು ಪ್ರತಿ ಸಲವೂ ಒಂದೇ ಜಾಗದಲ್ಲಿ ಆಗುತ್ತಿದ್ದರೆ ಅಲ್ಲಿ ಚೂಪಾದ ಹಲ್ಲು ಅಥವಾ ಸರಿಯಾಗಿ ಕೂರದ ಹಲ್ಲಿನ ಸೆಟ್ ತಾಗುತ್ತಿದೆಯೇ ನೋಡಿ; ದಂತವೈದ್ಯರು ಅಂಚನ್ನು ಉಜ್ಜಿ ನಯ ಮಾಡಿದರೆ ಮದ್ದಿಲ್ಲದೆಯೂ ವಾಸಿಯಾಗುವುದುಂಟು. ಮೀನಿನ ಮುಳ್ಳು ಚುಚ್ಚಿದ್ದು, ಕವಳದ ಸುಣ್ಣ ಹೆಚ್ಚಾಗಿ ಬಾಯಿ ಬೆಂದದ್ದು ಇವೆಲ್ಲ ಗಾಯದ ಹುಣ್ಣುಗಳೇ. ನಿದ್ದೆಗೇಡು, ಪರೀಕ್ಷೆಯ ಆತಂಕ, ಮುಟ್ಟಿನ ದಿನಗಳ ಏರುಪೇರು, ವಂಶದ ಗುಣ, ಕೆಲವರಿಗೆ ನೊರೆ ಹೆಚ್ಚು ಬರುವ ಟೂತ್‌ಪೇಸ್ಟಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ಕಾರಣವಾಗಬಹುದು.

ಬೇರೆ ಬೇರೆ ಜಾಗಗಳಲ್ಲಿ ಪದೇ ಪದೇ ಏಳುವ ಹುಣ್ಣಿಗೆ ಕಬ್ಬಿಣ, ಫೋಲೇಟ್ ಅಥವಾ ಬಿ12 ಜೀವಸತ್ವದ ಕೊರತೆ ಇರಬಹುದೆಂದು ಶಂಕಿಸಬೇಕು. ಕರಾವಳಿಯಲ್ಲಿ ಬಂಗಡೆ, ತಾರ್ಲೆ, ಅಘನಾಶಿನಿ ಅಳಿವೆಯ ಬಳಚು ಎಂಬ ಚಿಪ್ಪುಮೀನು ಉಣ್ಣುವವರಿಗೆ ಬಿ12 ಧಾರಾಳವಾಗಿ ಸಿಗುತ್ತದೆ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಅದರ ಮುಖ್ಯ ಮೂಲ ಹಾಲು, ಮೊಸರು ಮಾತ್ರ. ಸೊಪ್ಪಿನಲ್ಲಿ ಫೋಲೇಟ್ ಇದೆ, ಬಿ12 ಇಲ್ಲ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ವಯಸ್ಸಾದವರಲ್ಲಿ ದೇಹ ಬಿ12 ಅನ್ನು ಹೀರಿಕೊಳ್ಳುವುದೂ ಕಡಿಮೆಯಾಗಬಹುದು. ಇಂಥವರು ಅಂದಾಜಿನ ಮೇಲೆ ಮಾತ್ರೆ ನುಂಗುವ ಬದಲು ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮಾಯುವವರೆಗಿನ ಆರೈಕೆ ಸರಳ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ಅಪ್ಪೆಹುಳಿ, ಮುರುಗಲ ಪಾನಕ, ಖಾರದ ಮೀನು ಸಾರು ಕೆಲ ದಿನ ಬೇಡ. ಗಂಜಿ, ಮೊಸರನ್ನ ಇರಲಿ. ನೋವಿನ ಮಾತ್ರೆಯನ್ನು ಹುಣ್ಣಿನ ಮೇಲೆ ಇಟ್ಟುಕೊಳ್ಳುವ ರೂಢಿ ಕೆಟ್ಟದ್ದು, ಅದು ಚರ್ಮವನ್ನೇ ಸುಡುತ್ತದೆ. ಉಣ್ಣಲಾಗದಷ್ಟು ನೋವಿದ್ದರೆ ವೈದ್ಯರು ಹಚ್ಚಿಕೊಳ್ಳಲು ಮುಲಾಮು ಕೊಡುತ್ತಾರೆ.

ಇನ್ನು, ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹೆಚ್ಚು ಎಚ್ಚರ ವಹಿಸಬೇಕಾದ ವಿಷಯ. ಅಡಿಕೆ ನಮ್ಮ ಬದುಕಿನ ಬೆಳೆ, ಕವಳದ ತಟ್ಟೆ ನಮ್ಮ ಉಪಚಾರ. ಇದನ್ನು ಹೇಳುವುದು ಕಷ್ಟವಾದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಕೂಡಿದರೆ ಅಪಾಯ ಇನ್ನೂ ಹೆಚ್ಚು. ಕವಳ ಹಾಕುವವರಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚು, ಕಾರಣವಿಲ್ಲದ ರಕ್ತ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದೊಡನೆ ಇಡೀ ಬಾಯಿ ಉರಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದಂತವೈದ್ಯರಲ್ಲಿಗೋ ಹತ್ತಿರದ ಆಸ್ಪತ್ರೆಗೋ ಹೋಗಿ. ನೋವಿಲ್ಲವೆಂಬ ಸಮಾಧಾನ ಬೇಡ, ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ನೋಯದೇ ಇರುವುದೇ ಹೆಚ್ಚು. ಕವಳ ಹಾಕದವರಿಗೂ ಮೂರು ವಾರಗಳ ಗಡುವು ಇದೇ.

ಹೋಗುವಾಗ ನೀವು ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ಕೆಲವು ನೋವುನಿವಾರಕಗಳು, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಸಹ ಹುಣ್ಣು ತರಬಲ್ಲವು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕವಳ ಎಂಬುದನ್ನು ಮುಚ್ಚಿಡದೆ ಹೇಳಿ. ವೈದ್ಯರು ಹುಣ್ಣಿನ ಅಂಚಿನಿಂದ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣವೆಂದರೆ ಒಪ್ಪಿಕೊಳ್ಳಿ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಈ ಪರೀಕ್ಷೆಯಿಂದ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.