ನೊಣಕ್ಕೆ ವಾಸನೆಯ ಪಾಠ: ಟಿ-ಮೇಜ್ ಪ್ರಯೋಗವನ್ನು ನಾನು ಮಾಡುವ ಬಗೆ

ಹಣ್ಣಿನ ನೊಣದ ನೆನಪನ್ನು ಅಳೆಯಲು 1985ರಲ್ಲಿ ಟಲ್ಲಿ ಮತ್ತು ಕ್ವಿನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಕ್ರಮವನ್ನೇ ನಾನು ಅನುಸರಿಸುವುದು. ಒಂದು ವಾಸನೆಯ ಜೊತೆ ಶಾಕ್ ಕೊಟ್ಟು, ಆಮೇಲೆ ಎರಡು ತೋಳುಗಳಲ್ಲಿ ಬೇರೆ ಬೇರೆ ವಾಸನೆಯಿರುವ ಟಿ-ಮೇಜ್‌ನಲ್ಲಿ ನೊಣಗಳು ಆ ವಾಸನೆಯಿಂದ ದೂರ ಹೋಗುತ್ತವೆಯೇ ಎಂದು ಎಣಿಸುವುದು. ಶಾಕ್ ಕೊಡುವುದು ಸುಲಭ. ಫಲಿತಾಂಶ ಕೆಡುವುದೆಲ್ಲ ವಾಸನೆಯ ಹದ ತಪ್ಪಿದಾಗ.

3-ಆಕ್ಟನಾಲ್ ಮತ್ತು 4-ಮೀಥೈಲ್‌ಸೈಕ್ಲೋಹೆಕ್ಸನಾಲ್ ಎಂಬ ಎರಡು ವಾಸನೆಯ ರಾಸಾಯನಿಕಗಳನ್ನೂ ಮಿನರಲ್ ಆಯಿಲ್‌ನಲ್ಲಿ ಸಾವಿರಕ್ಕೊಂದು ಪಾಲಿನಂತೆ ಬೆರೆಸಿ ಶುರುಮಾಡುತ್ತೇನೆ. ತರಬೇತಿಯಿಲ್ಲದ ನೊಣಗಳು ಎರಡೂ ತೋಳಿಗೆ ಅರ್ಧರ್ಧ ಹಂಚಿಕೊಳ್ಳಬೇಕು. 60-40 ಆದರೆ, ಅವು ಹೆಚ್ಚು ದೂರವಿಡುವ ವಾಸನೆಯನ್ನು ಇನ್ನಷ್ಟು ತೆಳುಮಾಡಿ ಮತ್ತೆ ಎಣಿಸುತ್ತೇನೆ. ಆ ದಿನ ಕೋಣೆಗೆ ಅತ್ತರು, ಮುಡಿದ ಮಲ್ಲಿಗೆ ಯಾವುದೂ ಬರಕೂಡದು.

ಎರಡರಿಂದ ಐದು ದಿನದ, ಸುಮಾರು 100 ನೊಣ ಸಾಕು. ಇಂಗಾಲದ ಡೈಆಕ್ಸೈಡ್‌ನಿಂದ ಮಂಪರು ಬರಿಸಿ ವಿಂಗಡಿಸುವುದಿದ್ದರೆ ಹಿಂದಿನ ದಿನವೇ ಮುಗಿಸಬೇಕು. ಕೋಣೆ 25 ಡಿಗ್ರಿ, ತೇವಾಂಶ ಶೇ. 70, ನೊಣಕ್ಕೆ ಅಷ್ಟಾಗಿ ಕಾಣದ ಮಂದ ಕೆಂಪು ಬೆಳಕು. ತಾಮ್ರದ ಗ್ರಿಡ್ ಇರುವ ಕೊಳವೆಯಲ್ಲಿ ಮೊದಲ ವಾಸನೆ 60 ಸೆಕೆಂಡ್. ಅದರ ಜೊತೆಗೇ 90 ವೋಲ್ಟಿನ 12 ಶಾಕ್, ಒಂದೊಂದೂ 1.25 ಸೆಕೆಂಡ್, ಐದು ಸೆಕೆಂಡಿಗೊಮ್ಮೆ. ಆಮೇಲೆ 45 ಸೆಕೆಂಡ್ ಬರೀ ಗಾಳಿ, ಬಳಿಕ ಎರಡನೇ ವಾಸನೆ 60 ಸೆಕೆಂಡ್, ಶಾಕ್ ಇಲ್ಲದೆ. ಕೊನೆಗೆ ಎರಡು ವಾಸನೆಗಳ ನಡುವೆ ಎರಡು ನಿಮಿಷದ ಆಯ್ಕೆ. 85 ನೊಣ ಶಾಕ್‌ನ ವಾಸನೆಯಿಂದ ದೂರ ಹೋಗಿ 15 ಅದರತ್ತಲೇ ನಡೆದರೆ, ಎರಡರ ವ್ಯತ್ಯಾಸವನ್ನು ಒಟ್ಟು ನೊಣಗಳಿಂದ ಭಾಗಿಸಿ, ಅಂಕ 0.70. ವಾಸನೆಗಳನ್ನು ಅದಲುಬದಲು ಮಾಡಿ ಇನ್ನೊಂದು ತಂಡಕ್ಕೂ ಕಲಿಸಿ, ಎರಡರ ಸರಾಸರಿಯನ್ನಷ್ಟೇ ಒಂದು ಅಳತೆಯೆಂದು ಬರೆದುಕೊಳ್ಳುತ್ತೇನೆ.

ಅಂಕ ದಿಢೀರನೆ ಕುಸಿದರೆ ಮೊದಲು ಗ್ರಿಡ್ ನೋಡಿ. ನೊಣಗಳ ಹಿಕ್ಕೆ, ತೇವ ಸೇರಿ ತಂತಿಗಳ ನಡುವೆ ಕರೆಂಟ್ ಸೋರುತ್ತದೆ. ಸಿಲಿಕೋನ್ ಪೈಪು ವಾಸನೆಯನ್ನು ಹೀರಿಟ್ಟುಕೊಳ್ಳುತ್ತದೆ. ಟೆಫ್ಲಾನ್ ಹಾಕಿ, ಅದೂ ವಾಸನೆಗೊಂದು ಬೇರೆ.

ರುಟಬಾಗ ಎಂಬ ಮ್ಯೂಟಂಟ್ (ಜೀನ್ ಬದಲಾದ) ನೊಣದ ಅಂಕ ಸಾಕಷ್ಟು ಕಡಿಮೆ. ಹಾಗೆಂದು ತಕ್ಷಣ 'ನೆನಪಿಲ್ಲ' ಎನ್ನಲಾಗದು. ಮೂಗೇ ಕೆಟ್ಟ ನೊಣವೂ ಕಡಿಮೆ ಅಂಕ ಕೊಡುತ್ತದೆ; ಅಂಥ ಮ್ಯೂಟಂಟ್‌ಗಳನ್ನು 1970ರ ದಶಕದಲ್ಲಿ ಮುಂಬೈಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ, ವೆರೋನಿಕಾ ರೋಡ್ರಿಗಸ್ ಹುಡುಕಿದ್ದರು. ಹಾಗಾಗಿ ಬರೀ ವಾಸನೆಯಿಂದ, ಬರೀ ಶಾಕ್‌ನಿಂದ ಓಡುತ್ತವೆಯೇ ಎಂದು ಬೇರೆ ಬೇರೆ ಪರೀಕ್ಷಿಸಲೇಬೇಕು. ಅವೆರಡೂ ಸರಿಯಿದ್ದರೆ ದೋಷ ಮಶ್ರೂಮ್ ಬಾಡಿ ಎಂಬ, ವಾಸನೆಯ ನೆನಪು ಕೂಡುವ ಮಿದುಳಿನ ಭಾಗದಲ್ಲಿರುವ ಸಾಧ್ಯತೆ ಹೆಚ್ಚು. ಮಿದುಳಿನ ಒಂದೊಂದು ಪಕ್ಕಕ್ಕೂ ಸುಮಾರು 2,000 ಕೆನ್ಯನ್ ಎಂಬ ನರಕೋಶಗಳಿರುವ ಆ ಭಾಗದಲ್ಲಿ ವಾಸನೆಯಿಂದ ಕ್ಯಾಲ್ಸಿಯಂ ಏರುತ್ತದೆ, ಶಾಕ್ ಡೋಪಮೀನ್ ಎಂಬ ಮಿದುಳಿನ ರಾಸಾಯನಿಕವನ್ನು ತರುತ್ತದೆ. ಎರಡೂ ಒಟ್ಟಿಗೆ ಬಂದದ್ದನ್ನು ಗುರುತಿಸುವ ಕಿಣ್ವವೇ ರುಟಬಾಗದಲ್ಲಿ ಕೆಟ್ಟಿರುವುದು. ಸರಿಯಾದ ಜೀನನ್ನು ಅಲ್ಲಿಗಷ್ಟೇ ಮರಳಿಸಿದರೂ ಅಲ್ಪಾವಧಿಯ ನೆನಪು ಮರಳುತ್ತದೆ.

24 ಗಂಟೆಯ ನೆನಪು ಬೇಕಿದ್ದರೆ 15 ನಿಮಿಷದ ಬಿಡುವು ಕೊಡುತ್ತಾ ಹತ್ತು ಸುತ್ತು ಕಲಿಸಿ, ರಾತ್ರಿ ಆಹಾರವಿರುವ ವಯಲ್‌ನಲ್ಲಿ 18 ಡಿಗ್ರಿಯಲ್ಲಿ ಇಡಿ.