ಎರಡು ಮನೆ, ಒಂದೇ ಕ್ಯಾಲೆಂಡರ್: ಡೈವೋರ್ಸ್ ಆದ ಮೇಲೆ ಮಗನ ಜೊತೆ ನಮ್ಮ ಅನುಭವ

ನನ್ನ ಮಗನಿಗೆ 12 ವರ್ಷ. ಆಟಿಸಂ ಇದೆ. ಅವನ ಅಪ್ಪ ಮತ್ತು ನಾನು ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಅವರು ಶಿರಸಿ ಹತ್ತಿರದ ತೋಟದ ಮನೆಯಲ್ಲಿದ್ದಾರೆ. ನಾನು ಕಾರವಾರದಲ್ಲಿ ಕೆಲಸದಲ್ಲಿದ್ದೇನೆ, ಜೊತೆಗೆ ನನ್ನ ಆಯಿ, ಅಂದರೆ ಅಮ್ಮ. ಮಗ ಶಾಲೆ ಇರುವಾಗ ನನ್ನ ಹತ್ತಿರ, ಎರಡನೇ ಮತ್ತು ನಾಲ್ಕನೇ ಶನಿವಾರ-ಭಾನುವಾರ ಮತ್ತು ರಜೆಯಲ್ಲಿ ಅಪ್ಪಯ್ಯನ ಹತ್ತಿರ. ಇಂಥದೇ ಮನೆಗಳವರು ಹೇಗೆ ನಿಭಾಯಿಸಿದಿರಿ ಅಂತ ಕೇಳುತ್ತಾರೆ, ಅದಕ್ಕೇ ಬರೀತಿದ್ದೇನೆ.

ಎಲ್ಲರೂ ಮೊದಲು ಕೇಳುವುದು, ಅವನಿಗೆ ಹೇಗೆ ಹೇಳಿದಿರಿ ಅಂತ. ಬೇರೆ ಮಕ್ಕಳಿಗೆ ಕೂರಿಸಿ ಹೇಳುವ ಮಾತಿನಿಂದ ಸಮಾಧಾನ ಆಗಬಹುದು. ನನ್ನ ಮಗನಿಗೆ ಗೊತ್ತಾಗಬೇಕಿದ್ದು ಬೇರೆ. ಇವತ್ತು ರಾತ್ರಿ ಎಲ್ಲಿ ಮಲಗೋದು, ಬೆಳಿಗ್ಗೆ ದೋಸೆ ಯಾರು ಹಾಕ್ತಾರೆ, ಶನಿವಾರ ಯಾವ ಬಸ್ಸು. ಇದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಅವನಿಗೆ ನಿದ್ದೆ ಬಂತು.

ಹಾಗಾಗಿ ಗೋಡೆಗೆ ದೊಡ್ಡ ಚೌಕದ ಕ್ಯಾಲೆಂಡರ್ ಹಾಕಿದೆವು. ಕಾರವಾರದ ದಿನಕ್ಕೆ ನೀಲಿ ಸ್ಟಿಕರ್, ಶಿರಸಿಯ ದಿನಕ್ಕೆ ಹಸಿರು. ಮಲಗುವ ಮೊದಲು ಅವನೇ ಪೆನ್ನು ಹಿಡಿದು ಆ ದಿನಕ್ಕೆ ಗೀಟು ಹಾಕುತ್ತಾನೆ. ಅಂಥದೇ ಇನ್ನೊಂದು ಶಿರಸಿ ಮನೆಯಲ್ಲಿ, ಅದೇ ಬಣ್ಣ, ಅಡುಗೆಮನೆ ಬಾಗಿಲ ಪಕ್ಕ ಅದೇ ಜಾಗ. ಸಾಮಾನನ್ನೂ ಎರಡೆರಡು ತಂದೆವು: ಗುಳಿ ಇರುವ ಸ್ಟೀಲ್ ತಟ್ಟೆ, ಹತ್ತಿ ಚಾದರ, ಅದೇ ಸೋಪು. ಸೋಪಿನ ವಾಸನೆ ಬದಲಾದರೂ ಅವನಿಗೆ ಸ್ನಾನ ಬೇಡ. ಇಷ್ಟಕ್ಕೆಲ್ಲ ಜಾಸ್ತಿ ಖರ್ಚಾಗಲಿಲ್ಲ, ಆದರೆ ಇಬ್ಬರೂ ಒಪ್ಪಬೇಕು. ನಮ್ಮಿಬ್ಬರಿಗೆ ಎಷ್ಟೋ ವಿಷಯದಲ್ಲಿ ಹೊಂದಲಿಲ್ಲ, ಈ ಒಂದರಲ್ಲಿ ಹೊಂದಿತು, ಅದಕ್ಕೆ ನಾನು ಅವರಿಗೆ ಋಣಿ.

ಕುಮಟಾ ಅರ್ಧ ದಾರಿ, ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಒಪ್ಪಿಸಿ ಅಂತ ವಕೀಲರು ಹೇಳಿದ್ದರು. ದೊಡ್ಡವರಿಗೆ ಅದು ಸುಲಭ. ಹಾರ್ನು, ಜನ, ಆ ಗದ್ದಲದ ಮಧ್ಯೆ ಕೈ ಹಿಡಿದವರೇ ಬದಲಾಗೋದು ಅವನಿಗೆ ಕಷ್ಟ. ಬೇಡ ಅಂದೆವು. ಅವನ ಅಪ್ಪ ಕಾರವಾರದ ಮನೆ ಬಾಗಿಲಿಗೇ ಬರುತ್ತಾರೆ, ಚಾ ಕುಡಿಯುತ್ತಾರೆ, ಅವನು ಚಪ್ಪಲಿ ಹಾಕಿಕೊಂಡು ತಯಾರಾದ ಮೇಲೆ ಹೊರಡುತ್ತಾರೆ. ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್, ಕಿಟಕಿ ಪಕ್ಕದ ಸೀಟು, ದೇವಿಮನೆ ಘಟ್ಟ ಹತ್ತುವಾಗ ಕಡಿಯೋಕೆ ಒಣ ನೆಲ್ಲಿಕಾಯಿ.

ಕ್ಯಾಲೆಂಡರ್ ಹೇಳಿದ ಹಾಗೇ ಎಲ್ಲ ನಡೆಯಲ್ಲ, ಅಲ್ವಾ? ಅದಕ್ಕೆ ಒಂದು ಕಿತ್ತಳೆ ಬಣ್ಣದ ಚೀಟಿ ಮಾಡಿದೆವು, ಮೇಲೆ 'ಬದಲು' ಅಂತ ಬರೆದು. ಇದನ್ನು ಕೆಟ್ಟ ಸುದ್ದಿಗೆ ಮಾತ್ರ ತೆಗೆಯಬಾರದು, ಹಾಗೆ ಮಾಡಿದರೆ ಚೀಟಿ ಕಂಡರೇ ಮಗು ಹೆದರುತ್ತೆ. ಮೊದಲು ಸಣ್ಣ ಸಣ್ಣ ಖುಷಿಯ ಬದಲಾವಣೆಗೆ ಬಳಸಿದೆವು: ಇಡ್ಲಿ ಬದಲು ದೋಸೆ, ಟಿವಿ ಬದಲು ಬೀಚು. ಚೀಟಿ ಅಂಟಿಸುವಾಗ ಏನು ಇಲ್ಲ ಅನ್ನುವುದರ ಪಕ್ಕದಲ್ಲೇ ಏನು ಇದೆ ಅನ್ನುವುದರ ಚಿತ್ರವೂ ಇರಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ಮುಚ್ಚಿತು. ಯಲ್ಲಾಪುರ ಸುತ್ತಿ ಹೋಗಬಹುದಿತ್ತು, ಆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿಸೋಕೆ ಯಾರಿಗೂ ಧೈರ್ಯ ಬರಲಿಲ್ಲ. ಅವನು ಹೋಗಬೇಕಿದ್ದ ಶನಿವಾರದ ಹಸಿರಿನ ಮೇಲೆ ಕಿತ್ತಳೆ ಚೀಟಿ ಅಂಟಿಸಿ, ಪಕ್ಕದಲ್ಲಿ ಫೋನಿನ ಚಿತ್ರ ಇಟ್ಟೆವು. ಅವನು ಅತ್ತುಬಿಟ್ಟ, ಗೋಡೆಗೆ ಬೆನ್ನು ಕೊಟ್ಟು ತುಂಬಾ ಹೊತ್ತು ಕೂತ. ಆಮೇಲೆ ತಾನೇ ಎದ್ದು ಫೋನ್ ತಂದು ನನ್ನ ಕೈಗೆ ಕೊಟ್ಟ.

ವಿಡಿಯೋ ಕಾಲಿನಲ್ಲಿ ಅವನು ಮುಖ ನೋಡಲ್ಲ. ಅಪ್ಪಯ್ಯ ಈಗ ಮುಖ ತೋರಿಸೋದನ್ನೇ ಬಿಟ್ಟಿದ್ದಾರೆ. ಫೋನನ್ನು ತೋಟದ ಕಾಲುವೆ ಕಡೆ ಹಿಡಿಯುತ್ತಾರೆ, ಪಂಪ್‌ಸೆಟ್ ಶುರು ಮಾಡುತ್ತಾರೆ, ನೀರು ಬೀಳುವುದನ್ನು ಅಪ್ಪ-ಮಗ ಸುಮ್ನೆ ನೋಡುತ್ತಾರೆ. ಅದು ಅವರಿಬ್ಬರ ಮಾತುಕತೆ. ಹಾಗೆಯೇ, ಇವನು ಮಧ್ಯಾಹ್ನ ಕಂಡಕ್ಟರ್ ಧ್ವನಿಯಲ್ಲಿ "ಅಂಕೋಲಾ, ಕುಮಟಾ, ಶಿರ್ಸಿ" ಅಂತ ಕೂಗೋಕೆ ಶುರು ಮಾಡಿದರೆ ಅಪ್ಪ ನೆನಪಾಗಿದ್ದಾರೆ ಅಂತಲೇ ಅರ್ಥ. ಸುಮ್ಮನಿರು ಅನ್ನಬೇಡಿ. ಕ್ಯಾಲೆಂಡರ್ ಹತ್ತಿರ ಕರೆದುಕೊಂಡು ಹೋಗಿ ಹಸಿರು ದಿನ ತೋರಿಸಿ.

ಸಂಬಂಧಿಕರ ವಿಷಯ ಒಂದು ಹೇಳಲೇಬೇಕು. ಮಾತು ಕಡಿಮೆ ಇರುವ ಮಗುವಿನ ಎದುರಿಗೇ ಜನ ಎಲ್ಲ ಮಾತಾಡುತ್ತಾರೆ. ಒಂದು ಉಪನಯನದಲ್ಲಿ ಹತ್ತಿರದವರೊಬ್ಬರು "ಪಾಪ, ಅಪ್ಪನಿಗೆ ಬೇಡವಾದ" ಅಂದರು. ಇವನು ಎಲೆಯ ತುದಿ ಮಡಚುತ್ತಾ ಕೂತಿದ್ದ. ಕೆಲವು ವಾರದ ಮೇಲೆ ಶಿರಸಿಯಲ್ಲಿ ಊಟದ ಹೊತ್ತಿಗೆ ಅದೇ ಧ್ವನಿ, ಅದೇ ರಾಗದಲ್ಲಿ ಆ ಮಾತು ಹೇಳಿದನಂತೆ. ಅವನ ಅಪ್ಪ ಫೋನ್ ಮಾಡಿದಾಗ ಅವರಿಗೆ ಮಾತೇ ಹೊರಡಲಿಲ್ಲ. ಅಂದಿನಿಂದ ಯಾರೇ ಬರಲಿ, ಅವನ ಎದುರು ಆ ಮಾತು ಎತ್ತಿದರೆ ನನ್ನ ಆಯಿ ಅಲ್ಲೇ ನಿಲ್ಲಿಸುತ್ತಾಳೆ.

ಕಾಗದಪತ್ರ. ಒಪ್ಪಂದದಲ್ಲಿ ಮಗುವಿನ ಖರ್ಚು '18 ವರ್ಷದವರೆಗೆ' ಅಂತ ಬರೆಯುವುದು ರೂಢಿ. ನಮ್ಮದರಲ್ಲಿ ಅದನ್ನು ತೆಗೆಸಿದೆವು. ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗು 18 ದಾಟಿದ ಮೇಲೂ ಜೀವನಾಂಶ ಕೇಳಬಹುದು, ಹಿಂದೆ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. 18 ಆದ ಮೇಲೆ ತಂದೆ-ತಾಯಿ ತಾವಾಗೇ ಕಾನೂನಿನ ಪೋಷಕರಾಗಿ (ಗಾರ್ಡಿಯನ್) ಉಳಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಎರಡೂ ಮನೆಯಲ್ಲಿರಲಿ.

ಈಗ ಹೊಸದೊಂದು ಶುರುವಾಗಿದೆ. ಅವನ ಅಪ್ಪನಿಗೆ ಮದುವೆ ಗೊತ್ತಾಗಿದೆ. ಮದುವೆಯಾಗುವವರ ಫೋಟೋ ಕಳಿಸಿ ಅಂದೆ, ಸ್ಟುಡಿಯೋದಲ್ಲಿ ತೆಗೆಸಿದ್ದು ಬೇಡ, ದಿನಾ ಮನೆಯಲ್ಲಿರುವ ಹಾಗೆ ಇರಲಿ. ಅವರೇ ಫೋನ್ ಮಾಡಿ, ಮಗ ತನ್ನನ್ನು ಏನಂತ ಕರೆಯಲಿ ಅಂತ ಕೇಳಿದರು. ಚಿಕ್ಕಿ, ಅಂದರೆ ಚಿಕ್ಕಮ್ಮ, ಅಂತ ನಿರ್ಧಾರ ಆಯಿತು. ಹಸಿರು ದಿನದ ಚೌಕಗಳಲ್ಲಿ ಅಪ್ಪಯ್ಯನ ಪಕ್ಕ ಅವರ ಚಿಕ್ಕ ಫೋಟೋ ಅಂಟಿಸಿದ್ದೇವೆ. ಅವನು ಅದನ್ನು ಇನ್ನೂ ಕಿತ್ತಿಲ್ಲ.